ಸ್ವಿಚ್ಚಿಲ್ಲದ ದೀಪ

ಇಳಕಲ್ಲ
ರವಿವಾರ, 9 ಫೆಬ್ರುವರಿ 2025

ಗೆಳೆಯ ಅಫ್ಸರನಿಗೆ ಶಂಕ್ರಪ್ಪನ ಸಲಾಮು ಮತ್ತು ಶರಣು.

ನಾನು ಆರಾಮ ಇದ್ದೇನೆ. ನೀನು, ತಂಗಿ, ಮಕ್ಕಳು ಒಂಗೋಲಿನಲ್ಲಿ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಫೋನು ನಾಲ್ಕು ಸಲ ಬಂತು. ನಾಲ್ಕೂ ಸಲ "ಹೂಂ, ಹೇಳ್ತೇನಿ, ಹೇಳ್ತೇನಿ" ಎಂದು ಇಟ್ಟುಬಿಟ್ಟೆ. ತಪ್ಪಾಯಿತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಕಲ್ಲಿನ ಕಾರ್ಖಾನೆಯ ಪಾಲಿಶ್ ಮಷೀನಿನ ಸದ್ದಿನಲ್ಲಿ ಮೂವತ್ತು ವರ್ಷ ಸನ್ನೆಯಲ್ಲೇ ಮಾತಾಡಿದವರು ನಾವು. ದಿನಚರಿ ಬರೆದೂ ಬರೆದೂ ನನಗೆ ಪೆನ್ನು ಹಿಡಿದರೆ ಮಾತ್ರ ಏನಾದರೂ ಹೊರಡುತ್ತದೆ.

ನೀನು ನನಗೆ ಒಂದೇ ಕೆಲಸ ಹೇಳಿದ್ದೆ. ನಿನ್ನ ಅಕ್ಕ ಬಿಬಿಜಾನಳಿಗೆ ತಿಳಿಸಿ ಹೇಳಿ, ಮಗ್ಗ ಬಿಚ್ಚಿಸಿ, ಅದರ ಕುಣಿ ಮುಚ್ಚಿಸಿ, ಸಂಕ್ರಮಣದೊಳಗೆ ಅವಳನ್ನು ನಿನ್ನ ಹತ್ತಿರ ಕಳಿಸಬೇಕು ಎಂದು. ಆ ಕೆಲಸ ಆಗಿಲ್ಲ. ಅದರ ಉಲ್ಟಾ ಆಗಿದೆ, ಮಾಡಿದವನು ನಾನೇ. ಬಯ್ಯುವುದಿದ್ದರೆ ಕಾಗದ ಪೂರ್ತಿ ಓದಿದ ಮೇಲೆ ಬಯ್ಯಿ.

ಅವಳು ನೇಯ್ದ ಎರಡು ಸೀರೆ ಸಾವಕಾರ ಹೊಳಬಸಪ್ಪನ ಅಂಗಡಿಯಿಂದ ಹಿಂದಕ್ಕೆ ಬಂದದ್ದು ನಿನಗೆ ಗೊತ್ತಿದೆ. ಕಣ್ಣು ಮಂದಾಗಿರಬೇಕು ಎಂದು ನೀನು ತಿಳಿದೆ, ನಾನೂ ತಿಳಿದೆ. ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅಕ್ಷರ ಓದಿಸಿ, ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ಕಣ್ಣಿಗೆ ಏನೂ ಆಗಿಲ್ಲ, ಈ ಚಶ್ಮಾವೇ ಸಾಕು ಎಂದರು. ಹೊರಗೆ ಬಂದ ಮೇಲೆ ಅಕ್ಕ, "ನನ್ನ ಕಣ್ಣ ಪರೀಕ್ಷಾ ಮಾಡಿಸಿದೆಲ್ಲ ತಮ್ಮಾ, ಈಗ ನಿನ್ನ ತಲಿ ಎಲ್ಲಿ ಪರೀಕ್ಷಾ ಮಾಡಸೂಣು?" ಎಂದಳು.

ಹಾಗಾದರೆ ತಪ್ಪು ಎಲ್ಲಿ? ಹಿಂದೆ ಬಂದ ಸೀರೆಗಳನ್ನು ತೆಗೆಸಿ ನೋಡಿದೆ. ನಡುಮನೆಯಲ್ಲಿ, ಮಗ್ಗದ ಮೇಲೆ ತೂಗುಬಿಟ್ಟ ಬಲ್ಬಿನ ಕೆಳಗೆ, ಸೆರಗೆಲ್ಲ ಒಂದೇ ಕೆಂಪು. ಬಾಗಿಲ ಕಟ್ಟೆಗೆ ತಂದು ಹರವಿದರೆ ನಡುವೆ ಗೇಣು ಅಗಲದ ಪಟ್ಟಿ ಬೇರೆಯೇ ಕಂಡಿತು. ಅತ್ತಿತ್ತ ಕುಂಕುಮ, ನಡುವೆ ಇಟ್ಟಂಗಿಯ ಬಣ್ಣ. ಒಳಗೆ ಒಯ್ದೆ, ಮತ್ತೆ ಒಂದಾದವು. ಹೊರಗೆ ತಂದೆ, ಬೇರೆಯಾದವು. ನನಗೆ ಇದು ಎಂಥ ಸೋಜಿಗ ಅನ್ನಿಸಿತೆಂದರೆ ಆರೇಳು ಸಲ ಒಳಹೊರಗೆ ತಿರುಗಿದೆ. "ಸೀರಿಗೆ ಹವಾ ಕುಡಸಾಕತ್ತೀ ಏನ?" ಎಂದು ಅಕ್ಕ ಕೇಳಿದಳು.

ಬೇರೆ ಬೇರೆ ದಿನ ಬಣ್ಣಕ್ಕೆ ಅದ್ದಿದ ಎರಡು ರೇಷ್ಮೆ ಅವು. ಬಲ್ಬು ಎರಡನ್ನೂ ಒಂದೇ ಮಾಡಿ ತೋರಿಸುತ್ತದೆ. ಬಿಸಿಲು ಹಾಗೆ ಮಾಡುವುದಿಲ್ಲ. ಅಕ್ಕನಿಗೆ ಇದು ತಿಳಿಯದ ಮಾತಲ್ಲ. ಲಾಳಿಯ ನೂಲು ತೀರಿ ಹೊಸ ಕಂಡಿಕೆ ಹಾಕುವ ಮುನ್ನ, ಹಳೆಯ ನೂಲು ಹೊಸ ನೂಲು ಎರಡನ್ನೂ ಬೆರಳಿಗೆ ಸುತ್ತಿಕೊಂಡು ಬಾಗಿಲಿಗೆ ಹೋಗಿ ಹಗಲಿನಲ್ಲಿ ಹೊಂದಿಸಿ ನೋಡುವುದು ನಿಮ್ಮ ತಾಯಿಯ ಕಾಲದಿಂದ ಬಂದ ಪದ್ಧತಿ. ಆದರೆ ಕುಣಿಮಗ್ಗ ಎಂದರೆ ನೆಲದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹೋದ ದೀಪಾವಳಿಯಿಂದ ಅವಳ ಬಲ ಮೊಣಕಾಲು ಸರಿಯಾಗಿ ಮಡಚುತ್ತಿಲ್ಲ. ಪ್ರತಿ ಕಂಡಿಕೆಗೂ ತಗ್ಗಿನಿಂದ ಎದ್ದು ಬರಲಾಗದೆ ಬಲ್ಬನ್ನು ನಂಬಿದಳು. ಆದದ್ದು ಇಷ್ಟೇ. ಕಾಲಿನ ಸುದ್ದಿ ತಿಳಿದರೆ ನೀನು ಮರುದಿನವೇ ಬಂದು ಎತ್ತಿಕೊಂಡು ಹೋಗುತ್ತೀ ಎಂದು ಹೆದರಿ ನಿನಗೆ ಹೇಳಿಲ್ಲ. ಈಗ ನಾನು ಹೇಳಿಬಿಟ್ಟೆ. ನನಗೂ ಒಂದು ಬೈಗುಳ ಕಾದಿದೆ.

ಹೊಳಬಸಪ್ಪ ಸಣ್ಣ ಮನುಷ್ಯನಲ್ಲ. ಮನೆತನಕ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು ಮೆಲ್ಲಗೆ ಹೇಳಿದ: "ಬಿಬಿಜಾನಕ್ಕಾ, ನಿಮ್ಮ ಕೈಯಾಗಿನ ಕೆಲಸ ಭಾಳ ಚಂದ ರೀ. ಆದ್ರ ಮೂರನೇದ್ದೂ ಹಿಂಗ ಆತಂದ್ರ ನಾ ಇನ್ನ ಮಗ್ಗಕ್ಕ ಹಾಸಿನ ನೂಲು ಕೊಡೂದಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ." ಆಗ ಮೂರನೆಯ ಸೀರೆ ಮಗ್ಗದ ಮೇಲಿತ್ತು. ಒಡಲು ನೇಯ್ದಾಗಿತ್ತು, ಸೆರಗು ಉಳಿದಿತ್ತು. ಆ ಸೆರಗು ಕೆಟ್ಟರೆ ನೀನು ಹೇಳಿದ ಕೆಲಸ ನಾನು ಮಾಡದೆಯೇ ಆಗುತ್ತಿತ್ತು.

ಅವನು ಹೋದ ಮೇಲೆ ಅಕ್ಕ ಚಹಾದ ಬಟ್ಟಲು ತೊಳೆದು ಬೋರಲು ಹಾಕಿದಳು. ಆಮೇಲೆ, "ಶಂಕ್ರಪ್ಪಾ, ಸುಂದರವ್ವಗ ಕನ್ನಡಿ ಹಿಡೀತಿದ್ದೆಲ್ಲ, ಹಂಗ ನನಗೂ ಮಾಳಗಿ ಮ್ಯಾಲಿಂದ ಒಂದೀಟ ಬಿಸಲ ಬಿಡು," ಎಂದಳು.

ನಿನಗೆ ನೆನಪಿದೆಯೋ ಇಲ್ಲವೋ. ನನ್ನ ಹೆಂಡತಿ ಸುಂದರವ್ವ ಜಾರಿ ಬಿದ್ದು ಸೊಂಟ ಮುರಿದು ಒಳಕೋಣೆಯಲ್ಲಿ ಮಲಗಿದ ಮೇಲೆ, ಹದಿನಾಲ್ಕು ತಿಂಗಳು ಪ್ರತಿದಿನ ಮುಂಜಾನೆ ನಾನು ಮಾಳಿಗೆ ಏರಿ, ಕಪಾಟಿನ ಕನ್ನಡಿ ಹಿಡಿದು, ಬೆಳಕಿಂಡಿಯೊಳಗಿಂದ ಅವಳ ಅಂಗೈಗೆ ಬಿಸಿಲು ಬೀಳಿಸುತ್ತಿದ್ದೆ. ಆರಾಮಿದ್ದಾಗ ಅವಳು ಹಿತ್ತಲ ಬಿಸಿಲಲ್ಲಿ ಕೂತು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವಳು. ಲಿಂಗದ ಕರಿ ಮೈಮೇಲೆ ಬೆಳಕಿನ ಚುಕ್ಕೆ ಮೂಡುತ್ತದೆ, ಅದನ್ನೇ ನೋಡುತ್ತ ಕೂಡುತ್ತಿದ್ದಳು. ಬಲ್ಬಿನ ಚುಕ್ಕೆ ಬೇಡ ಎಂದಿದ್ದಳು. ಅವಳು ಹೋಗಿ ವರ್ಷದ ಮೇಲೆ ಎರಡು ತಿಂಗಳಾಯಿತು. ಅಂದಿನಿಂದ ನಾನು ಮಾಳಿಗೆ ಏರಿಲ್ಲ.

"ಅದೊಂದು ಕೇಳಬ್ಯಾಡ ಅಕ್ಕಾ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ಆದರೆ ಬೆಳಕನ್ನು ಬೀದಿಯಿಂದ ತರಬಹುದಲ್ಲ ಎಂದು ನನ್ನ ತಲೆಗೆ ಹುಳ ಹೊಕ್ಕಿತು. ಮೊದಲು ನಮ್ಮ ಕಾರ್ಖಾನೆಯ ಅಭಿಮಾನ. ನೀನೂ ನಾನೂ ಸೇರಿ ಪಾಲಿಶ್ ಮಾಡಿದ ಇಳಕಲ್ಲಿನ ಕೆಂಪು ಕಲ್ಲಿನ ಹಾಳೆ ಒಂದು ನನ್ನ ಮನೆಯಲ್ಲಿದೆಯಲ್ಲ, ಮೀಸೆ ತಿದ್ದಿಕೊಳ್ಳಬಹುದು ಅಂತ ನೀನು ಅನ್ನುತ್ತಿದ್ದದ್ದು, ಅದನ್ನೇ ಹೊತ್ತು ತಂದು ಕಟ್ಟೆಗೆ ಓರೆಯಾಗಿ ಇಟ್ಟೆ. ಒಳಗೆ ಹೋಗಿ ನೋಡಿದರೆ ಗೋಡೆಯ ಮೇಲೆ ಬೂದಿಯಂಥ ಒಂದು ಮಬ್ಬು ಕಲೆ. ಅಷ್ಟೇ. ನನಗೆ ಕೆಟ್ಟ ಅನ್ನಿಸಿತು. ಮುಖ ತೋರಿಸುವ ಕಲ್ಲು ಬೆಳಕನ್ನು ಯಾಕೆ ನುಂಗಿತು ಎಂದು ಆ ದಿನವೆಲ್ಲ ಯೋಚಿಸಿದೆ. ನುಣುಪು ಬೇರೆ, ಬೆಳಕನ್ನು ತಿರುಗಿ ಕೊಡುವ ಗುಣ ಬೇರೆ ಎಂದು ಅರವತ್ತೊಂದನೆಯ ವಯಸ್ಸಿಗೆ ತಿಳಿಯಿತು.

ಆಮೇಲೆ ಬಾಗಿಲಲ್ಲಿ ಕನ್ನಡಿಯನ್ನೇ ಇಟ್ಟೆ. ಬೆಳಕು ಪಡಸಾಲೆ ದಾಟಿ ನೇರ ಮಗ್ಗಕ್ಕೆ ಬಂತು. ಅಕ್ಕ ಸೆರಗು ಮುಖಕ್ಕೆ ಎಳೆದುಕೊಂಡು, "ಕಣ್ಣ ಕುಕ್ಕತೈತೋ, ತಗೀ," ಎಂದಳು. ಹತ್ತು ನಿಮಿಷಕ್ಕೆ ಆ ಬೆಳಕು ಸರಿದು ಗೋಡೆ ಏರಿತು. ತಿರುಗಿಸಿ ಬಂದೆ, ಮತ್ತೆ ಸರಿಯಿತು. ನಡುವೆ ಪಕ್ಕದ ಮನೆಯ ಈರಪ್ಪನ ಎಮ್ಮೆ ಬಂದು ಕನ್ನಡಿಯ ಮುಂದೆ ನಿಂತು ತನ್ನನ್ನು ತಾನು ನೋಡಿಕೊಳ್ಳತೊಡಗಿತು. ಒಳಗೆ ಮತ್ತೆ ಕತ್ತಲು. "ಎಮ್ಮಿ ಸೀರಿ ಆರಿಸಾಕ ಬಂದೈತೇನು?" ಎಂದು ಅಕ್ಕ ಒಳಗಿಂದ ಕೂಗಿದಳು. ಒಟ್ಟಿನಲ್ಲಿ, ಕನ್ನಡಿ ಇದ್ದಲ್ಲಿ ಅದನ್ನು ತಿರುಗಿಸಲು ಒಬ್ಬ ಮನುಷ್ಯ ಬೇಕೇ ಬೇಕು. ಆ ಮನುಷ್ಯ ನಾನಾಗುವುದು ನನಗೆ ಬೇಡವಾಗಿತ್ತು.

ಕೈ ನೋಯುತ್ತಿದೆ. ನಾಳೆ ಬರೆಯುತ್ತೇನೆ.

ಸೋಮವಾರ, ಮುಂಜಾನೆ

ಪಿಂಚಣಿಯ ಕಾಗದಕ್ಕಾಗಿ ಜನವರಿ ಮೊದಲ ವಾರ ಬಾಗಲಕೋಟೆಯ ನವನಗರಕ್ಕೆ ಹೋಗಿದ್ದೆ. ಕಚೇರಿಯ ಒಳ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಕರೆಂಟು ಹೋಯಿತು. ಫ್ಯಾನು ನಿಂತಿತು, ಕೋಣೆಗಳಲ್ಲಿ ಟ್ಯೂಬುಗಳು ಆರಿದವು. ನನ್ನ ತಲೆಯ ಮೇಲಿನ ಎರಡು ದೀಪ ಮಾತ್ರ ಹಾಗೇ ಉರಿಯುತ್ತಿದ್ದವು. ಊಟದ ತಾಟಿನಷ್ಟು ಅಗಲ, ಹಾಲಿನಂಥ ಬಿಳಿ. ಇವಕ್ಕೆ ಬೇರೆ ಬ್ಯಾಟರಿ ಇರಬೇಕೆಂದು ಗೋಡೆಯುದ್ದಕ್ಕೂ ಸ್ವಿಚ್ಚು ಹುಡುಕಿದೆ. ಇಲ್ಲ. ಜವಾನನನ್ನು ಕೇಳಿದೆ.

"ಅವಕ್ಕ ಸ್ವಿಚ್ಚಿಲ್ರಿ ಯಜಮಾನ್ರ."

"ಮತ್ತ ಆರಸೂದು ಹ್ಯಾಂಗ?"

"ಸಂಜೀಕ ತಾವ ಆರತಾವ್ರಿ."

ನನ್ನನ್ನು ಆಡಿಸುತ್ತಿದ್ದಾನೆ ಎಂದುಕೊಂಡೆ. ಹೊರಗೆ ಒಂದು ಮೋಡ ಹೋಗಿರಬೇಕು, ದೀಪ ಮಂಕಾಯಿತು. ಸ್ವಲ್ಪ ಹೊತ್ತಿಗೆ ತಾನೇ ಬಿಳುಪಾಯಿತು. ಅಫ್ಸರ, ನಾನು ಬೆಂಚಿನಿಂದ ಎದ್ದು ನಿಂತುಬಿಟ್ಟೆ. ನನ್ನ ಹೆಸರು ಕರೆದದ್ದೂ ಕೇಳಲಿಲ್ಲ. ಕಾಗದ ಮರುವಾರಕ್ಕೆ ಬಿತ್ತು.

ಅದನ್ನು ಹಾಕಿದವನು ವಿಜಯಮಹಾಂತೇಶ ಎಂಬ ಹುಡುಗ, ನವನಗರದವನೇ, ಸೋಲಾರ್ ಬಿಸಿನೀರಿನ ಕೆಲಸ ಮಾಡುತ್ತಾನೆ. ಹುಡುಗ ಎಂದರೆ ಮೂವತ್ತೈದರವನು, ಎರಡು ಮಕ್ಕಳ ತಂದೆ. ಅಂಗಡಿ ಹುಡುಕಿಕೊಂಡು ಹೋದೆ. ಅವನು ಬಿಚ್ಚಿ ತೋರಿಸಿದ. ಮಾಳಿಗೆಯ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಗಾಜಿನ ಟೊಪ್ಪಿಗೆ. ಅದರ ಕೆಳಗೆ ಒಳಮೈ ಹೊಳೆಯುವ ಕೊಳವೆ. ಸೂರ್ಯ ಎಲ್ಲಿಂದ ಬಂದರೂ ಟೊಪ್ಪಿಗೆ ಹಿಡಿಯುತ್ತದೆ, ಬೆಳಕು ಕೊಳವೆಯ ಗೋಡೆಗೆ ತಾಗಿ ತಾಗಿ ಕೆಳಗಿಳಿಯುತ್ತದೆ, ಕೊನೆಗೆ ಹಾಲುಬಣ್ಣದ ಮುಚ್ಚಳ ಅದನ್ನು ಎಲ್ಲಾ ಕಡೆ ಹರವುತ್ತದೆ. ಒಂದು ಕಡೆ ಕೊಳವೆ ಬಗ್ಗಿಸಲೂಬಹುದಂತೆ.

"ಮ್ಯಾಲ ಯಾರಾದ್ರೂ ನಿಂತು ತಿರಗಸಬೇಕೇನ?" ಎಂದು ಕೇಳಿದೆ.

"ಯಾರೂ ಬ್ಯಾಡ ಕಾಕಾ. ಒಮ್ಮೆ ಕುಂಡರಿಸಿದ್ರ ಮುಗೀತು. ವರ್ಷಕ್ಕೊಮ್ಮೆ ಧೂಳ ವರಸ್ರಿ."

ಈ ಪ್ರಶ್ನೆಯನ್ನು ಮೂರು ಸಲ ಕೇಳಿದೆನಂತೆ. ಅವನು ನಕ್ಕ.

ಕೊಳವೆಯ ಒಳಮೈ ನಾನೇ ಪಾಲಿಶ್ ಮಾಡುತ್ತೇನೆ, ಸ್ಟೀಲಿನ ಹಾಳೆ ಕೊಡು ಎಂದೆ. ಅವನು ಬೇಡ ಎನ್ನಲಿಲ್ಲ, ಲೆಕ್ಕ ಹೇಳಿದ. ಎಷ್ಟೇ ತಿಕ್ಕಿದರೂ ಸ್ಟೀಲು ನೂರರಲ್ಲಿ ಅರವತ್ತು ಪಾಲು ಬೆಳಕನ್ನಷ್ಟೇ ತಿರುಗಿ ಕೊಡುತ್ತದೆ. ಐದು ಸಲ ತಾಗಿತೆಂದರೆ ಉಳಿಯುವುದು ಎಂಟು ಪಾಲು. ಈ ಕೊಳವೆಗೆ ಅಂಟಿಸಿದ ಬೆಳ್ಳಿಯ ಹಾಳೆ ತೊಂಬತ್ತೆಂಟು ಕೊಡುತ್ತದೆ, ಐದು ಸಲ ತಾಗಿದರೂ ತೊಂಬತ್ತು ಉಳಿಯುತ್ತದೆ. ಬಸ್ಸಿನಲ್ಲಿ ಬರುತ್ತ ಟಿಕೇಟಿನ ಹಿಂದೆ ಗುಣಿಸಿ ನೋಡಿದೆ. ಹುಡುಗ ಸುಳ್ಳು ಹೇಳಿರಲಿಲ್ಲ. ನನ್ನ ಏಳನೆಯ ಇಯತ್ತೆಯ ಗಣಿತ ಇನ್ನೂ ಸತ್ತಿಲ್ಲ.

ಒಂದು ಗೋದಾಮಿನ ಕೆಲಸದಲ್ಲಿ ಉಳಿದ ಕೊಳವೆ, ಗೀರು ಬಿದ್ದ ಒಂದು ಟೊಪ್ಪಿಗೆ ಅವನ ಹತ್ತಿರ ಇದ್ದವು. ಅವನ ಮನೆಯ ಅಡಿಗೆಕಟ್ಟೆಯ ಕಲ್ಲು ಮಸುಕಾಗಿತ್ತು. ಅವುಗಳ ಬದಲಿಗೆ ಎರಡು ದಿನ ಅಲ್ಲೇ ಇದ್ದು ಕಲ್ಲಿಗೆ ಹೊಳಪು ತಂದುಕೊಟ್ಟೆ. ಅವನ ಹೆಂಡತಿ ಐಶ್ವರ್ಯ, "ಕಾಕಾ, ಇನ್ನ ಪಲ್ಲೆ ಹೆಚ್ಚಾಕ ಮನಸ ಬರವಲ್ದು," ಎಂದಳು. ಆ ಎರಡು ರಾತ್ರಿ ನಿದ್ದೆ ಚೆನ್ನಾಗಿ ಬಂತು ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ಜನವರಿ ಇಪ್ಪತ್ತಕ್ಕೆ ಅವನು ಇಳಕಲ್ಲಿಗೆ ಬಂದ. ಅಕ್ಕನ ಮನೆಯದು ಮಣ್ಣಿನ ಮಾಳಿಗೆ, ಮಗ್ಗದ ನೇರಕ್ಕೆ ದೊಡ್ಡ ತೊಲೆ. ತೊಲೆಯ ಪಕ್ಕ ಜಂತಿಗಳ ನಡುವೆ ತೂತು ಮಾಡಿ, ಕೊಳವೆಯನ್ನು ಒಂದು ಸಲ ಬಗ್ಗಿಸಿ ಮಗ್ಗದ ಮೇಲೆ ತರಬೇಕಿತ್ತು. ಅಕ್ಕ ಹಾಸಿನ ಮೇಲೆ ಮೂರು ಚಾದರ ಹೊದಿಸಿ, ತೂತು ಕೊರೆಯುವಷ್ಟು ಹೊತ್ತೂ ಬಯ್ಯುತ್ತಿದ್ದಳು. "ನಮ್ಮಪ್ಪ ಕಟ್ಟಿಸಿದ ಮಾಳಗಿ. ಮಳೀ ಬಂದು ನನ್ನ ಮಗ್ಗ ತೊಯ್ತಂದ್ರ ಇಬ್ಬರನ್ನೂ ಇದೇ ಕುಣ್ಯಾಗ ಹುಗೀತೇನಿ."

ವಿಜಯಮಹಾಂತೇಶ ಮೇಲೆ, ನಾನು ಕೆಳಗೆ. ಅಕ್ಕನ ಕಾಲಿಗೆ ಮತ್ತೆ ಮತ್ತೆ ಇಳಿದು ಏರಲು ಆಗದ್ದರಿಂದ ನಾನೇ ತಗ್ಗಿನೊಳಗೆ ಅವಳ ಜಾಗದಲ್ಲಿ ಕೂತು, ತೊಡೆಯ ಮೇಲೆ ಬಿಳಿ ಕಾಗದ ಇಟ್ಟುಕೊಂಡು, ಬೆಳಕು ಎಲ್ಲಿ ಬೀಳುತ್ತದೆ ಎಂದು ಹೇಳಬೇಕಿತ್ತು. ಅವನು ಟೊಪ್ಪಿಗೆ ಕೂರಿಸಿದ. ಕಾಗದದ ಮೇಲೆ ಬೆಳಕು ಮೆಲ್ಲಗೆ ಬಂತು. ಉಕ್ಕುವ ಹಾಲಿನ ಹಾಗೆ, ಅಂಚು ಇಲ್ಲದೆ.

"ಕಾಕಾ, ಬಂತೇನ್ರಿ?" ಎಂದು ಮೇಲಿಂದ ಕೂಗಿದ.

ನನಗೆ ಮಾತು ಹೊರಡಲಿಲ್ಲ.

"ಕಾಕಾ, ಕೇಳಿಸ್ತೇನ್ರಿ? ಬೆಳಕ ಬಂತೇನು?"

ನಾನು ಆ ಬೆಳಕಿಗೆ ಅಂಗೈ ಒಡ್ಡಿದೆ. ಅಕ್ಕ ಬಾಗಿಲಿಂದ, "ಹೂಂ ಅನ್ನಬಾರದೇನ? ಮ್ಯಾಲಿದ್ದಾಂವಗ ಕೆಳಗಿಂದು ಹ್ಯಾಂಗ ತಿಳೀಬೇಕು?" ಎಂದು ಗದರಿಸಿದಳು. ಆಗ ಕೂಗಿದೆ ನೋಡು. "ಬಂತೋ, ಬಂತು, ಇದ್ದೇನಿ, ಇಲ್ಲೇ ಇದ್ದೇನಿ," ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ಮಗ್ಗ ಕುಸಿದು ಯಾರೋ ಸಿಕ್ಕಿಕೊಂಡರು ಎಂದು ಈರಪ್ಪ ಓಡಿ ಬಂದ.

ಬೆಳಕು ಬಂತೇ ಎಂದು ಕೇಳಿದರೆ ಇದ್ದೇನೆ ಎಂದು ಯಾಕೆ ಅಂದೆ ಎಂದು ಆ ಹುಡುಗ ಕೇಳಿದ. ನಾನು ನೀರು ಕುಡಿದೆ. ನಿನಗೆ ಹೇಳುತ್ತೇನೆ. ಇಲ್ಲಿ ಅಲ್ಲ, ಕಾಗದದ ಕೊನೆಗೆ, ಕೈ ನಡೆದರೆ.

ಅಕ್ಕ ಎರಡೂ ರೇಷ್ಮೆ ತಂದಳು. ಮೊದಲು ಬಲ್ಬಿನ ಕೆಳಗೆ ಹಿಡಿದಳು, ಒಂದೇ. ಬಲ್ಬು ಆರಿಸಿ ಕೊಳವೆಯ ಕೆಳಗೆ ಹಿಡಿದಳು. ಕುಂಕುಮ ಬೇರೆ, ಇಟ್ಟಂಗಿ ಬೇರೆ. ಒಳಗೆ ಹೋಗಿ ತನ್ನ ರೇಷ್ಮೆಯ ಡಬ್ಬಿಯನ್ನೇ ತಂದು, ಇದ್ದಬಿದ್ದ ನೂಲನ್ನೆಲ್ಲ ಆ ಬೆಳಕಿನಲ್ಲಿ ಒಂದೊಂದಾಗಿ ಎತ್ತಿ ಹಿಡಿದು ಮಧ್ಯಾಹ್ನದ ತನಕ ಬೇರ್ಪಡಿಸುತ್ತ ಕೂತಳು. ಊಟಕ್ಕೆ ಕರೆದರೆ ಕೇಳಿಸಲಿಲ್ಲ.

ಸೆರಗು ಆರು ದಿನಕ್ಕೆ ಮುಗಿಯಿತು. ಹೊಳಬಸಪ್ಪ ಬಂದ. ಅವನ ರೀತಿ ನಿನಗೆ ಗೊತ್ತು, ಮೊದಲು ಸೀರೆಯನ್ನು ಬೀದಿಗೆ ಒಯ್ದು ಹರವುತ್ತಾನೆ. ಹರವಿದ, ತಿರುಗಿಸಿದ, ಮೂಗಿನ ಹತ್ತಿರ ಹಿಡಿದ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು, ಅವನನ್ನು ನೋಡುತ್ತಿರಲಿಲ್ಲ, ಎಮ್ಮೆಯನ್ನು ನೋಡುತ್ತಿದ್ದಳು. "ಈ ಸಲ ಎಲ್ಲಿ ಕುಂತು ನೇಯ್ದ್ರಿ ಅಕ್ಕಾ?" ಎಂದ. ಅಕ್ಕ, "ಎಲ್ಲಿ ನೇಯ್ತೇನಿ, ತಗ್ಗಿನ್ಯಾಗ," ಎಂದಳು. ಅವನು ಒಳಗೆ ಬಂದು ತಲೆ ಎತ್ತಿ ನೋಡಿ, ಎಲ್ಲರೂ ಕೇಳುವುದನ್ನೇ ಕೇಳಿದ: ಸ್ವಿಚ್ಚು ಎಲ್ಲಿ? ಮರುದಿನ ಎರಡು ಸೀರೆಯ ಹಾಸು ಬಂತು.

ಎಲ್ಲವೂ ಸರಿಯಾಗಿದೆ ಎಂದು ತಿಳಿಯಬೇಡ. ಸಂಜೆ ಐದೂವರೆಗೆ ಮಗ್ಗ ನಿಲ್ಲಿಸಬೇಕು, ಮೋಡದ ದಿನ ಬರೀ ಬಿಳಿ ನೂಲಿನ ಕೆಲಸ. ಮಣ್ಣಿನ ಮಾಳಿಗೆಗೆ ಮಾಡಿದ ಜೋಡಣೆ ಮಳೆಗಾಲದಲ್ಲಿ ಏನಾಗುತ್ತದೋ ನೋಡಬೇಕು. ಕಾಲು ಹಾಗೇ ಇದೆ. ಅದಕ್ಕೆ ನೀನು ಬಂದು ಒಮ್ಮೆ ದೊಡ್ಡ ದವಾಖಾನೆಗೆ ತೋರಿಸುವುದು ಒಳ್ಳೆಯದು. ತೋರಿಸಲು ಬಾ, ಒಯ್ಯಲು ಬರಬೇಡ. ಅಕ್ಕ ಹೇಳಿ ಬರೆಸಿದ್ದು ಇಷ್ಟು: "ನಿನ್ನ ಮನೀಗೆ ಬಂದು ಕುಂತ್ರ ನಾ ನಿನ್ನ ಹೆಂಡತಿ ಕೂಡ ಜಗಳಾಡೂದ ಬಿಟ್ಟು ಮತ್ತೇನ ಮಾಡ್ಲಿ? ಇಲ್ಲಿ ನನಗ ಕೆಲಸ ಐತಿ." ಇದನ್ನು ತಂಗಿಗೆ ಓದಿ ಹೇಳಬೇಡ.

ನಿನ್ನ ದೊಡ್ಡ ಮಗಳ ಪರೀಕ್ಷೆ ಹತ್ತಿರ ಬಂದಿರಬೇಕು. ಚೆನ್ನಾಗಿ ಬರೆಯಲಿ. ಸಣ್ಣವನ ಕೆಮ್ಮು ಬೇಗ ಇಳಿಯಲಿ. ನೀನು ಕಲ್ಲಿನ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟುವುದನ್ನು ಬಿಡಬೇಡ. ನಿಮ್ಮೆಲ್ಲರ ಮೇಲೆ ಆ ಸೃಷ್ಟಿಕರ್ತನ ದಯೆ ಇರಲಿ, ನೀನು ಯಾವ ಹೆಸರಿನಿಂದ ಕರೆದರೂ.

ಇಂತಿ ನಿನ್ನ ಗೆಳೆಯ,
ಶಂಕ್ರಪ್ಪ

ತಾ. ಕ. ಸುಂದರವ್ವ ಹೋದ ಮುಂಜಾನೆ ನಾನು ಮಾಳಿಗೆಯ ಮೇಲಿದ್ದೆ. ಎಂಟೂವರೆಗೆ ಬೆಳಕು ಬಿಟ್ಟು, ಅಂಗೈಗೆ ಬಂತೇನ ಎಂದು ಕೇಳಿದೆ. ಬಂತ್ರಿ ಎಂದಳು. ಪೂಜೆ ಶುರುವಾದರೆ ಅವಳು ಮಾತಾಡುವುದಿಲ್ಲ, ಮುಗಿದ ಮೇಲೆ "ಸಾಕ್ರಿ, ಇಳದ ಬರ್ರಿ" ಎನ್ನುತ್ತಾಳೆ. ಆ ದಿನ ಅನ್ನಲಿಲ್ಲ. ನಾನು ಬಿಸಿಲು ಸರಿದಂತೆ ಕನ್ನಡಿ ತಿರುಗಿಸುತ್ತಲೇ ಇದ್ದೆ. ಇವತ್ತು ಅವಳಿಗೆ ಪೂಜೆ ಚೆನ್ನಾಗಿ ಹತ್ತಿದೆ ಎಂದು ಖುಷಿಯಾಗಿತ್ತು. ಒಂಬತ್ತೂಮುಕ್ಕಾಲಿಗೆ ಕೈ ಸೋತು ಇಳಿದು ಬಂದೆ. ದಿಂಬಿಗೆ ಒರಗಿದ್ದಳು, ಅಂಗೈಯಲ್ಲಿ ಲಿಂಗ ಹಾಗೇ ಇತ್ತು, ಕೈ ತಣ್ಣಗಾಗಿತ್ತು. ಪೂಜೆಯಲ್ಲೇ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ನೀನೂ ಹೇಳಿದೆ.

ನಿಮಗೆ ಯಾರಿಗೂ ನಾನು ಹೇಳದ ಮಾತು ಇದು. ಹಿಂದಿನ ದಿನ ಅವಳು ಕೆಳಗಿಂದ ಎರಡು ಸಲ ಕರೆದಿದ್ದಳು. ಬೆಳಕು ಸರಿಯಿತೆಂದು ಒಮ್ಮೆ, ನೀರು ಬೇಕೆಂದು ಒಮ್ಮೆ. ನಾನು ಸಿಟ್ಟಿಗೆದ್ದು, "ಸುಮ್ಮಸುಮ್ಮನ ಕರೀಬ್ಯಾಡ, ಕೈ ಅಲಗತೈತಿ. ಮುಗಿಯೂತನಕಾ ಬಾಯಿ ಬಿಡಬ್ಯಾಡ," ಎಂದಿದ್ದೆ. "ಆತ್ರಿ," ಎಂದಿದ್ದಳು.

ಅವಳು ಒಮ್ಮೆ ಆತು ಎಂದರೆ ಆ ಮಾತಿನಂತೆ ನಡೆಯುವವಳು. ನೀನು ಇದಕ್ಕೆ ಉತ್ತರ ಬರೆ, ಅಫ್ಸರ. ಆಕೆಗೆ ಕರೆಯಬೇಕು ಅನ್ನಿಸಿರಲಿಕ್ಕಿಲ್ಲ ಎಂದು ಮಾತ್ರ ಬರೆಯಬೇಡ. ಬೇರೆ ಏನಾದರೂ ಬರೆ.